ಲಾರಿ ಲೋಡು, ಕಾನೂನು ಮತ್ತು ನಾವು

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಇತಿಹಾಸ ಬರೆದುಕೊಡಿ ಎಂದು ಅಧ್ಯಕ್ಷರು ಕೇಳಿದಾಗ, ಸಾಲ, ಠೇವಣಿ, ಲಾಭಾಂಶದ ವಿಚಾರ ಕಾರ್ಯದರ್ಶಿಗಳು ಹೇಗೂ ಬರೆಯುತ್ತಾರೆ, ನಾನು ಲಾರಿ ವಿಚಾರ ಬರೀತೀನಿ ಅಂದೆ. ಮೀಟಿಂಗಿನಲ್ಲಿ ಎಲ್ಲರೂ ನಕ್ಕರು. ಆದರೆ ಸದಸ್ಯ ಬಾಂಧವರು ಸ್ವಲ್ಪ ಯೋಚನೆ ಮಾಡಬೇಕು. ಈ 25 ವರ್ಷದಲ್ಲಿ ನಮ್ಮ ಈರುಳ್ಳಿ ಯಶವಂತಪುರ ಮಾರ್ಕೆಟ್ ಮುಟ್ಟಿದ್ದು ಲಾರಿಯಲ್ಲೇ, ಗೊಬ್ಬರ ಗೋಡೌನಿಗೆ ಬಂದಿದ್ದೂ ಲಾರಿಯಲ್ಲೇ. ಅದನ್ನು ಓಡಿಸಿದವರ ವಿಚಾರ ಮಾತ್ರ ನಮ್ಮ ಯಾವ ವಾರ್ಷಿಕ ವರದಿಯಲ್ಲೂ ಒಂದು ಸಾಲು ಇಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಕ್ಕೆ ಇಳಿದವನು. ಕಾನೂನಿನ ವಿಷಯ ಪರಿಚಯದ ವಕೀಲರನ್ನು ಕೇಳಿ, ಓದಿಸಿಕೊಂಡು ಬರೆದಿದ್ದೇನೆ.

ಮೋಟಾರು ಗಾಡಿಗೆ ದೇಶದಲ್ಲಿ ಮೊದಲ ಕಾಯ್ದೆ ಬಂದಿದ್ದು 1914ರಲ್ಲಿ. ವಿವರವಾದ ಕಾಯ್ದೆ ಎಂದರೆ 1939ರದ್ದು. ಆಗ ನಮ್ಮ ಚಿತ್ರದುರ್ಗ ಮೈಸೂರು ಮಹಾರಾಜರ ಸೀಮೆ, ಆ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು. ಸ್ವಾತಂತ್ರ್ಯ ಬಂದ ಮೇಲೆ ನಮಗೂ ಅದೇ ಆಯಿತು. ಅದರಲ್ಲಿ ಡ್ರೈವರ್ ಬಗ್ಗೆ ಏನಿತ್ತು ಎಂದು ಕೇಳಿ ನನಗೇ ಆಶ್ಚರ್ಯವಾಯಿತು. ಒಂದೇ ಸಮ ಐದು ಗಂಟೆ ಓಡಿಸಿದರೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು, ದಿನಕ್ಕೆ 9 ಗಂಟೆ, ವಾರಕ್ಕೆ 54 ಗಂಟೆ ಮೀರಬಾರದು! 1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದು ಅದನ್ನು ದಿನಕ್ಕೆ 8, ವಾರಕ್ಕೆ 48 ಗಂಟೆಗೆ ಇಳಿಸಿತು. ಆದರೆ ಆ ಕಾಯ್ದೆ ಐದು ಅಥವಾ ಹೆಚ್ಚು ಜನ ಕೆಲಸಗಾರರು ಇರುವ ಕಡೆಗೆ ಮಾಡಿದ್ದು. ನಮ್ಮ ಕಡೆ ಲಾರಿ ಮಾಲೀಕ ಎಂದರೆ ಯಾರು? ಬ್ಯಾಂಕ್ ಸಾಲದ ಒಂದು ಲಾರಿ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್ ಹುಡುಗ. ಐದು ಜನ ಎಲ್ಲಿಂದ ಬರಬೇಕು? ಕಾನೂನು ಪುಸ್ತಕದಲ್ಲಿತ್ತು, ಡ್ರೈವರ್ ರೋಡಿನಲ್ಲಿದ್ದ.

ಲಾರಿಯೂ ಹಾಗೇ ಇತ್ತು. ನಮ್ಮ ತಂದೆಯವರು ಹೇಳುತ್ತಿದ್ದರು, ಕಂಪನಿಯವರು ಚಾಸಿ, ಇಂಜಿನ್, ಮುಂದಿನ ಮೂತಿ ಇಷ್ಟೇ ಕೊಡುತ್ತಿದ್ದರಂತೆ. ಉಳಿದಿದ್ದೆಲ್ಲ ಊರ ಹೊರಗಿನ ಶೆಡ್ಡಿನಲ್ಲಿ ಆಚಾರಿಗಳು ಮರ, ತಗಡು ಹೊಡೆದು ಕಟ್ಟುತ್ತಿದ್ದರು. ಡ್ರೈವರ್ ಪಕ್ಕದಲ್ಲೇ ಇಂಜಿನ್. ಬೇಸಿಗೆಯಲ್ಲಿ ಕ್ಯಾಬಿನ್ನೊಳಗೆ ಕೂತರೆ ಒಲೆ ಮುಂದೆ ಕೂತಂಗೆ. ಒದ್ದೆ ಟವೆಲ್ ತಲೆ ಮೇಲೆ ಹಾಕ್ಕೊಂಡು ಓಡಿಸೋರನ್ನು ನಾನೇ ನೋಡಿದ್ದೇನೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯ ಎಂದು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಆದೇಶ ಮಾಡಿತು. 1939ರಿಂದ ಲೆಕ್ಕ ಹಾಕಿದರೆ ಕಾನೂನು ಡ್ರೈವರ್ ಬೆವರಿನ ತನಕ ಬರೋಕೆ 86 ವರ್ಷ ಬೇಕಾಯಿತು.

ಇನ್ನು ತೂಕದ ವಿಚಾರ. ಇದರಲ್ಲಿ ನಮ್ಮ ಪಾಲು ಇದೆ.

ಹಳೇ ಕಾಯ್ದೆ ಹೋಗಿ 1988ರ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಆರು ಗಾಲಿ ಲಾರಿ ಲೋಡು ಸೇರಿ 16.2 ಟನ್ ಮೀರಬಾರದು ಅಂತ ಬಹಳ ವರ್ಷ ಇತ್ತು. ಖಾಲಿ ಲಾರಿಯೇ ಆರು ಟನ್ ಮೇಲಿರುತ್ತೆ. ಉಳಿಯೋದು ಸುಮಾರು 10 ಟನ್, ಅಂದರೆ 50 ಕೆ.ಜಿ.ಯ 200 ಚೀಲ ಈರುಳ್ಳಿ. ಜಾಸ್ತಿ ಹೇರಿದರೆ ಕನಿಷ್ಠ 2,000 ರೂ. ದಂಡ, ಮೇಲೆ ಟನ್ನಿಗೆ 1,000 ರೂ. ಎಂದು 1994ರ ತಿದ್ದುಪಡಿಯಲ್ಲಿ ಆಯಿತು. ಕೆಲವು ರಾಜ್ಯಗಳು ದುಡ್ಡು ಕಟ್ಟಿಸಿಕೊಂಡು ಹೆಚ್ಚಿನ ಲೋಡನ್ನು ಹಾಗೇ ಬಿಡುತ್ತಿದ್ದವು. 2005ರ ನವೆಂಬರ್ 9ರಂದು ಸುಪ್ರೀಂ ಕೋರ್ಟು ಅದು ತಪ್ಪು, ದಂಡ ಕಟ್ಟಿದರೂ ಹೆಚ್ಚಿನ ಮಾಲು ಅಲ್ಲೇ ಇಳಿಸಬೇಕು ಎಂದು ತೀರ್ಪು ಕೊಟ್ಟಿತು.

ಆ ತೀರ್ಪು ಬಂದ ಮರು ವರ್ಷವೇ, 2006ರಲ್ಲಿ, ನಮ್ಮದಾಯಿತು. ಸಂಘದ ಸಾಗಾಣಿಕೆ ರಿಜಿಸ್ಟರಿನಲ್ಲಿ ಇವತ್ತಿಗೂ ಇದೆ: 262 ಚೀಲ. ಆಗ ನಾನು ಡೈರೆಕ್ಟರ್ ಅಲ್ಲ, ಬರೀ ಸದಸ್ಯ. ಲೋಡಿಂಗ್ ಉಸ್ತುವಾರಿ ನನ್ನದು. ಡ್ರೈವರಣ್ಣ ನನಗಿಂತ ಹದಿನೈದು ವರ್ಷ ದೊಡ್ಡವರು. 210 ದಾಟಿದ ಮೇಲೆ ಹಮಾಲರನ್ನು ನಿಲ್ಲಿಸಿ, "ಬೇಡ ಕಣಪ್ಪಾ, ಹಿಂದಿನ ಟೈರು ರೀಬಟನ್ನು, ಕಮಾನು ಆಗಲೇ ಮಲಗೈತೆ" ಅಂದರು. ರೇಟು ನಾಳೆ ಬಿದ್ದುಹೋದರೆ ನೀನು ಕೊಡ್ತೀಯೇನಣ್ಣಾ ಅಂತ ನಾನು ಕೇಳಿದೆ. ಅವರು ಸುಮ್ಮನಾದರು. ಇನ್ನೊಂದು ಲಾರಿ ಮಾಡಿದ್ದರೆ ಬಾಡಿಗೆ ಎರಡರಷ್ಟು, ನಮಗೆ ಅದೇ ಯೋಚನೆ. ಚೀಲದ ಮೇಲೆ ನಾವಿಬ್ಬರು ಹತ್ತಿ ಕೂತೆವು. ಆಗೆಲ್ಲ ಮಾಲಿನ ಜೊತೆ ರೈತರು ಹಂಗೇ ಹೋಗುತ್ತಿದ್ದದ್ದು.

ದಾರಿಯಲ್ಲಿ ಒಂದು ಕಡೆ ಬ್ರೇಕ್ ಇನ್ಸ್‌ಪೆಕ್ಟರು ಕೈ ಅಡ್ಡ ಹಾಕಿದರು. ಕ್ಲೀನರ್ ಇಳಿದು ಹೋಗಿ ಬಂದ. ಎಷ್ಟು ಕೊಟ್ಟ ಅಂತ ಕೇಳಿದೆ, ಮಾಮೂಲು ಅಂದ. ಕಾನೂನು ಪ್ರಕಾರ ಮೂರು ಟನ್ ಹೆಚ್ಚಿಗೆಗೆ 5,000 ದಂಡ ಹಾಕಿ 60 ಚೀಲ ಅಲ್ಲೇ ಇಳಿಸಬೇಕಿತ್ತು. ಹಂಗೆ ಇಳಿಸಿದ್ದರೆ ಆ ಮನುಷ್ಯನಿಗೆ ನಾನು ಊರು ಮುಟ್ಟೋ ತನಕ ಹಿಡಿಶಾಪ ಹಾಕುತ್ತಿದ್ದೆ, ಸುಳ್ಳು ಹೇಳಲ್ಲ.

ಶಿರಾ ದಾಟಿದ ಮೇಲೆ ಬೆಳಗಿನ ಜಾವ ಹಿಂದಿನ ಟೈರು ಒಡೀತು. ಲಾರಿ ಎಡಕ್ಕೆ ವಾಲಿ ಮಗುಚಿಕೊಂಡಿತು. ನಾವಿಬ್ಬರೂ ಈರುಳ್ಳಿ ಮೇಲೇ ಬಿದ್ದು ತರಚು ಗಾಯದಲ್ಲಿ ಉಳಿದೆವು. ಕ್ಯಾಬಿನ್ನಿನ ಮರ, ತಗಡು ಮುದುಡಿ ಡ್ರೈವರಣ್ಣನ ಬಲಗಾಲು ಒಳಗೆ ಸಿಕ್ಕಿಕೊಂಡಿತ್ತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಕೇಸಾಗಿದ್ದು ಅವರ ಮೇಲೆ, ಅಜಾಗರೂಕ ಚಾಲನೆ ಅಂತ. ಮಾಲು ಹೇರಿಸಿದ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಓವರ್‌ಲೋಡು, ಮೇಲೆ ಜನ ಬೇರೆ ಕೂತಿದ್ದರು ಅಂತ ವಿಮೆಯವರು ತಕರಾರು ತೆಗೆದರು. ಸಂಘದಿಂದ ಚಂದಾ ಎತ್ತಿ ಕೊಟ್ಟೆವು. ಅದು ಎಷ್ಟು ಅಂತ ಬರೆಯಲು ನಾಚಿಕೆಯಾಗುತ್ತೆ.

ಅದೇ ಕಾಲಕ್ಕೆ ಪಕ್ಕದ ಬಳ್ಳಾರಿ ಕಡೆ ಅದಿರು ಲಾರಿಗಳ ಹಾವಳಿ ನಡೆದಿತ್ತು. ಸಂಡೂರು, ಹೊಸಪೇಟೆ ರೋಡು ಕೆಂಪು ಧೂಳು, ಆಳುದ್ದ ಗುಂಡಿ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿಗಳಲ್ಲಿ ಆ ಓವರ್‌ಲೋಡಿನ ವಿಚಾರವೂ ಬಂತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ರೋಡು ಉಸಿರು ಬಿಟ್ಟಿತು. ಗಣಿಯವರನ್ನು ನಾವೆಲ್ಲ ಕಟ್ಟೆ ಮೇಲೆ ಕೂತು ಬೈದೆವು. ನಮ್ಮ 262 ಚೀಲ ಆಗ ಯಾರ ನೆನಪಿಗೂ ಬರಲಿಲ್ಲ.

2018ರ ಜುಲೈನಲ್ಲಿ ಸರ್ಕಾರ ತೂಕದ ಮಿತಿಯನ್ನೇ ಏರಿಸಿ, ಆರು ಗಾಲಿಗೆ 16.2 ಇದ್ದದ್ದನ್ನು 18.5 ಟನ್ ಮಾಡಿತು. ಮಿತಿ ಏರಿದರೆ ಓವರ್‌ಲೋಡು ನಿಲ್ಲುತ್ತೆ ಅಂತ ಕೆಲವರು ಹೇಳಿದರು. ಆದರೆ ಸರ್ಕಾರ ಚಾಪೆ ಕೆಳಗೆ ತೂರಿದರೆ ನಮ್ಮ ಜನ ರಂಗೋಲಿ ಕೆಳಗೆ ತೂರುತ್ತಾರೆ, ಹೊಸ ಮಿತಿಯ ಮೇಲೆ ಮತ್ತೆ ಎರಡು ಟನ್. ಅದೇ ವರ್ಷ ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರ್ ಇರಬೇಕು ಎಂಬ ನಿಯಮವನ್ನೂ ತೆಗೆದರು. ಅದನ್ನು ಪಾಲಿಸುತ್ತಿದ್ದವರು ಕಡಿಮೆ ನಿಜ, ಆದರೂ ತೆಗೆದಿದ್ದು ನನಗೆ ಸರಿ ಕಾಣಲಿಲ್ಲ. 2019ರ ತಿದ್ದುಪಡಿಯಲ್ಲಿ ದಂಡ 20,000 ರೂ., ಮೇಲೆ ಟನ್ನಿಗೆ 2,000 ಆಯಿತು. ನಮ್ಮ ಅವತ್ತಿನ ಮೂರು ಟನ್ನಿಗೆ ಈ ಲೆಕ್ಕದಲ್ಲಿ 26,000 ಆಗುತ್ತಿತ್ತು. 2023ರ ಕೊನೆಗೆ ಹೊಸ ನ್ಯಾಯ ಸಂಹಿತೆಯಲ್ಲಿ, ಅಪಘಾತ ಮಾಡಿ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಶಿಕ್ಷೆ ಎಂದಾಗ, 2024ರ ಜನವರಿ ಮೊದಲ ವಾರ ದೇಶದ ಹಲವು ಕಡೆ ಡ್ರೈವರುಗಳು ಲಾರಿ ನಿಲ್ಲಿಸಿದರು. ಉಳಿದ ಸಂಹಿತೆ ಜುಲೈ 1ರಿಂದ ಬಂದರೂ ಆ ಒಂದು ಉಪವಿಧಿಯನ್ನು ಸರ್ಕಾರ ಆಗ ಜಾರಿ ಮಾಡಲಿಲ್ಲ. ನಿಂತರೆ ಜನ ಹೊಡೆದು ಸಾಯಿಸ್ತಾರೆ, ಓಡಿದರೆ ಜೈಲು ಅಂತ ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ನಾನು ಡೈರೆಕ್ಟರ್ ಆದ ಮೇಲೆ ಸಂಘದಲ್ಲಿ ಒಂದು ಠರಾವು ಮಾಡಿಸಿದೆ. ಸಂಘದ ಹೆಸರಲ್ಲಿ ಹೋಗುವ ಲಾರಿ ವೇಬ್ರಿಡ್ಜ್ ಚೀಟಿ ಇಲ್ಲದೆ ಹೊರಡಬಾರದು, ಚೀಲದ ಮೇಲೆ ಯಾರೂ ಕೂರಬಾರದು, ಸಾಕು ಅಂತ ಡ್ರೈವರ್ ಹೇಳಿದ ಮೇಲೆ ಒಂದು ಚೀಲವೂ ಹಾಕಬಾರದು. ಮೂರನೇದಕ್ಕೆ ಬಹಳ ವಿರೋಧ ಬಂತು. ಡ್ರೈವರ್ ಮಾತು ನಾವು ಕೇಳೋದಾ ಅಂದವರು ಇದ್ದಾರೆ, ಹೆಸರು ಬೇಡ. ಎರಡು ಮತದಲ್ಲಿ ಠರಾವು ಪಾಸಾಯಿತು.

ಡ್ರೈವರಣ್ಣ ಈಗ ಅವರ ಊರಲ್ಲಿ ಪೆಟ್ಟಿಗೆ ಅಂಗಡಿ ಇಟ್ಟಿದ್ದಾರೆ. ಬೆಳ್ಳಿಹಬ್ಬಕ್ಕೆ ಬನ್ನಿ ಅಂತ ಪತ್ರಿಕೆ ಕೊಡಲು ನಾನೇ ಹೋಗಿದ್ದೆ. ಟೀ ಕುಡಿಸಿ, "ಈ ಸಲ ಈರುಳ್ಳಿ ರೇಟು ಹೆಂಗೈತೆ?" ಅಂತ ಕೇಳಿದರು. 2006ರ ರಿಜಿಸ್ಟರು ಕಚೇರಿಯ ಬೀರುವಿನಲ್ಲಿದೆ, ನೋಡಬೇಕೆನ್ನುವವರು ಕಾರ್ಯದರ್ಶಿಗಳನ್ನು ಕೇಳಬಹುದು.