ತಾನಾಗಿ ಸುರುಳಿ ನಿಲ್ಲುವ ಸರಪಳಿ

ಪ್ರೋಟೀನುಗಳು ಅಮೈನೊ ಆಮ್ಲಗಳ ಉದ್ದನೆಯ ಸರಪಳಿಗಳೆಂಬುದು ವೀಕ್ಷಕರಿಗೆ ತಿಳಿದದ್ದೇ. ಸರಪಳಿ ಸರಿಯಾಗಿ ಮಡಿಚಿಕೊಂಡಾಗ ಮಾತ್ರ ಪ್ರೋಟೀನು ತನ್ನ ಕೆಲಸ ಮಾಡಬಲ್ಲದು. ಈ ಮಡಿಕೆಗಳಲ್ಲಿ ಮುಖ್ಯವಾದುದು ಆಲ್ಫಾ ಸುರುಳಿ. 1951ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಇದರ ರೂಪವನ್ನು ಮುಂದಿಟ್ಟರು. ಒಂದು ಸುತ್ತಿಗೆ 3.6 ಅಮೈನೊ ಆಮ್ಲಗಳು.

ಆ ಸುರುಳಿಯ ತುಂಡೊಂದನ್ನು ಬೇರೆಯಾಗಿ ತಯಾರಿಸಿದರೆ ಪ್ರೋಟೀನಿನ ಕೆಲಸವನ್ನು ಅದರಿಂದಲೇ ಮಾಡಿಸಬಹುದಲ್ಲವೆ? ತೊಡಕು ಇರುವುದು ಇಲ್ಲಿಯೇ. ಗೂಟದ ಆಸರೆ ತಪ್ಪಿದ ಬಳ್ಳಿ ನೆಲಕ್ಕೆ ಬೀಳುವಂತೆ, ಪೆಪ್ಟೈಡ್ ಎಂಬ ಈ ಗಿಡ್ಡ ಸರಪಳಿ ಸಾಮಾನ್ಯವಾಗಿ ನೀರಿನಲ್ಲಿ ರೂಪ ಕಳೆದುಕೊಳ್ಳುತ್ತದೆ. ಕಿಣ್ವಗಳು ಅದನ್ನು ಬೇಗನೆ ಕತ್ತರಿಸಿಹಾಕುತ್ತವೆ.

ಪರಿಹಾರದ ಒಂದು ಎಳೆ ಮದರಾಸಿನಲ್ಲಿ ಸಿಕ್ಕಿತು. 1963ರಲ್ಲಿ ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರು ಸರಪಳಿಯ ಕೊಂಡಿಗಳು ಯಾವ ಕೋನಗಳಲ್ಲಿ ತಿರುಗಬಲ್ಲವು, ಎಲ್ಲಿ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ ಎಂದು ಲೆಕ್ಕ ಹಾಕಿ ಒಂದು ನಕ್ಷೆ ಬರೆದರು. ಅದೇ ಜಗತ್ಪ್ರಸಿದ್ಧವಾದ ರಾಮಚಂದ್ರನ್ ನಕ್ಷೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಜೀವಾಣುಗಳ ಭೌತವಿಜ್ಞಾನಕ್ಕೇ ಒಂದು ವಿಭಾಗವನ್ನು ಕಟ್ಟಿದರು.

ಇನ್ನೊಂದು ಎಳೆ ಬಂದದ್ದು ಬೂಷ್ಟಿನಿಂದ. ಟ್ರೈಕೋಡರ್ಮ ಎಂಬ ಶಿಲೀಂಧ್ರವು ತಯಾರಿಸುವ ಅಲಮೆಥಿಸಿನ್ ಎಂಬ ಪೆಪ್ಟೈಡಿನಲ್ಲಿ, ನಮ್ಮ ಪ್ರೋಟೀನುಗಳಲ್ಲಿ ಇಲ್ಲದ ‘ಐಬ್’ ಎಂಬ ಅಮೈನೊ ಆಮ್ಲವಿದೆ. ಅಲನೀನ್‌ಗೆ ಒಂದು ಮಿಥೈಲ್ ಗುಂಪಿದ್ದರೆ ಐಬ್‌ಗೆ ಎರಡು. ಆ ಹೆಚ್ಚಿನ ಗುಂಪು ಅಡ್ಡ ಬರುವುದರಿಂದ ನಕ್ಷೆಯಲ್ಲಿ ಅದಕ್ಕೆ ಉಳಿಯುವ ಜಾಗ ಬಲು ಕಿರಿದು, ಅದೂ ಸುರುಳಿಯ ಆಸುಪಾಸಿನಲ್ಲೇ. ಸ್ವಾತಂತ್ರ್ಯ ಕಡಿಮೆಯಾದಷ್ಟೂ ರೂಪ ಗಟ್ಟಿಯಾಗುತ್ತದೆ!

ಬೆಂಗಳೂರಿನಲ್ಲಿ ಪಿ. ಬಲರಾಮ್ ಮತ್ತು ಅವರ ಸಹೋದ್ಯೋಗಿಗಳು ಐಬ್ ಸೇರಿಸಿದ ಪೆಪ್ಟೈಡುಗಳನ್ನು ಒಂದೊಂದಾಗಿ ಕಟ್ಟಿದರು. ಅವುಗಳಲ್ಲಿ ಅನೇಕ ಸ್ಫಟಿಕಗಳ ರಚನೆಯನ್ನು ವಾಷಿಂಗ್ಟನ್ನಿನ ನೌಕಾಪಡೆಯ ಸಂಶೋಧನಾಲಯದಲ್ಲಿ ಇಸಾಬೆಲ್ಲಾ ಕಾರ್ಲ್ ಕ್ಷ-ಕಿರಣಗಳಿಂದ ಬಿಡಿಸಿದರು. ಕೆಲವೇ ಐಬ್‌ಗಳಿದ್ದರೂ ಗಿಡ್ಡ ಸರಪಳಿ ಸುರುಳಿಯಾಗಿ ನಿಲ್ಲುವುದು ಕಣ್ಣಿಗೆ ಕಂಡಿತು. ಕನ್ನಡಿಬಿಂಬ ರೂಪದ ಪ್ರೋಲೀನನ್ನು ನಡುವಿಟ್ಟು, ಸರಪಳಿ ಹೇರ್‌ಪಿನ್ನಿನಂತೆ ಹಿಂದಕ್ಕೆ ಬಾಗುವಂತೆಯೂ ಮಾಡಲಾಯಿತು. 1996ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಗೆಲ್ಮನ್ ಮತ್ತು ಸ್ವಿಟ್ಜರ್ಲೆಂಡಿನ ಡೀಟರ್ ಸೀಬಾಕ್ ಅವರ ತಂಡಗಳು, ಬೆನ್ನೆಲುಬಿಗೇ ಒಂದು ಇಂಗಾಲ ಹೆಚ್ಚಾದ ಬೀಟಾ ಅಮೈನೊ ಆಮ್ಲಗಳಿಂದಲೂ ಸುರುಳಿ ಕಟ್ಟಬಹುದೆಂದು ತೋರಿಸಿದವು.

ಇದರಿಂದ ರೋಗಿಗೇನು ಲಾಭ? ಊಟವಾದ ಮೇಲೆ ಇನ್ಸುಲಿನ್ ಸ್ರವಿಸಲು ಪ್ರೇರೇಪಿಸುವ ಜಿಎಲ್‌ಪಿ-1 ಎಂಬ ಹಾರ್ಮೋನಿನ ಅರ್ಧದಷ್ಟು ನಮ್ಮ ರಕ್ತದಲ್ಲಿ ಸುಮಾರು 2 ನಿಮಿಷಗಳಲ್ಲೇ ನಾಶವಾಗುತ್ತದೆ. 2017ರಲ್ಲಿ ಅಮೆರಿಕದಲ್ಲಿ ಮಧುಮೇಹಕ್ಕೆ ಅನುಮತಿ ಪಡೆದ ಸೆಮಾಗ್ಲುಟೈಡ್ ಅದರದೇ ಮಾರ್ಪಟ್ಟ ರೂಪ. ಕಿಣ್ವ ಕತ್ತರಿ ಹಾಕುವೆಡೆಯಲ್ಲಿದ್ದ ಅಲನೀನನ್ನು ತೆಗೆದು ಅಲ್ಲಿ ಐಬ್ ಇಟ್ಟಿದ್ದಾರೆ. ರಕ್ತದ ಆಲ್ಬುಮಿನ್‌ಗೆ ಅಂಟಿಕೊಳ್ಳಲು ಕೊಬ್ಬಿನಾಮ್ಲದ ಬಾಲವನ್ನೂ ಜೋಡಿಸಿದ್ದಾರೆ. ಹೀಗಾಗಿ ವಾರಕ್ಕೊಂದು ಚುಚ್ಚುಮದ್ದು ಸಾಕಾಗುತ್ತದೆ.

ಮೂಲವಿಜ್ಞಾನಕ್ಕೆ ಹಣ ಕೇಳಿದಾಗಲೆಲ್ಲ ‘ಪ್ರಯೋಜನವೇನು?’ ಎಂಬ ಪ್ರಶ್ನೆ ಏಳುತ್ತದೆ. 1963ರಲ್ಲಿ ಕೋನಗಳನ್ನು ಎಣಿಸುತ್ತಿದ್ದವರಾಗಲಿ, ಬೂಷ್ಟಿನ ಪೆಪ್ಟೈಡನ್ನು ಬಿಡಿಸುತ್ತಿದ್ದವರಾಗಲಿ ಮಧುಮೇಹದ ಔಷಧಿಯನ್ನು ಹುಡುಕುತ್ತಿರಲಿಲ್ಲ. ಒಂದು ಮಿಥೈಲ್ ಗುಂಪಿನ ಬೆಲೆ ತಿಳಿಯಲು ಇಷ್ಟು ವರ್ಷಗಳ ತಾಳ್ಮೆ ಬೇಕಾಯಿತು.