ಗರ್ಭಚೀಲ ತೆಗೆಯೋ ಮುಂಚೆ "ಬಯಾಪ್ಸಿ ವರದಿ ಎಲ್ಲಿ?" ಅಂತ ಕೇಳಿ

ಪೋಸ್ಟ್ ಸ್ವಲ್ಪ ಉದ್ದ ಇದೆ. ಅಕ್ಕತಂಗಿಯರು ಓದಿ. ಗಂಡಸರೂ ಓದಿ, ಆಸ್ಪತ್ರೆಯಲ್ಲಿ ಸಹಿ ಹಾಕೋಕೆ ಮುಂದೆ ಹೋಗೋರು ನೀವೇ.

ನಮ್ಮ ಮತ್ತೋಡಿನ ಚರಿತ್ರೆ ಅಂದ್ರೆ ಪಾಳೇಗಾರರು, ಕೋಟೆ, ಗಾಜಿನ ಬಳೆ. ಇನ್ನೂರು ವರ್ಷದ ಹಿಂದೆ ಬಂದ ಬುಕಾನನ್ ಕೂಡ ಇಲ್ಲಿನ ಗಾಜಿನ ಕೆಲಸದ ಬಗ್ಗೆ ಬರೆದಿಟ್ಟ. ಬಳೆ ತೊಟ್ಟ ಹೆಂಗಸರ ಮೈಗೂ ಒಂದು ಚರಿತ್ರೆ ಇದೆ, ಅದನ್ನ ನಾವೇ ಬರೀಬೇಕು.

ಕೇರಿಯಲ್ಲಿ "ಚೀಲ ತೆಗೆಸ್ಕೊಂಡ್ಲು" ಅನ್ನೋ ಮಾತು ಹಲ್ಲು ಕೀಳಿಸಿದಷ್ಟು ಸಲೀಸಾಗಿದೆ. ಬಿಳಿಮುಟ್ಟು, ಹೊಟ್ಟೆನೋವು, ಹೆಚ್ಚು ಮುಟ್ಟು ಅಂತ ಹೋಗ್ತಾರೆ. ಒಂದು ಸ್ಕ್ಯಾನಿಂಗ್, "ಬಿಟ್ರೆ ಕ್ಯಾನ್ಸರ್ ಆಗುತ್ತೆ" ಅನ್ನೋ ಒಂದು ಮಾತು, ಸಾಲ ತಂದು ಆಪರೇಷನ್. 2015ರಲ್ಲಿ ಕಲಬುರಗಿಯಲ್ಲಿ ಇದೇ ಬಯಲಾಯ್ತು. ಖಾಸಗಿ ಆಸ್ಪತ್ರೆಗಳಲ್ಲಿ ಲಂಬಾಣಿ ತಾಂಡಾದ, ದಲಿತ ಕೇರಿಯ ಹೆಂಗಸರ ಗರ್ಭಕೋಶ ಅನಗತ್ಯವಾಗಿ ತೆಗೆದಿದ್ದಾರೆ ಅಂತ ಹೋರಾಟ ನಡೆಯಿತು, ಆರೋಗ್ಯ ಇಲಾಖೆ ತನಿಖೆ ಮಾಡಿತು. ಆಮೇಲೆ ರಾಣೆಬೆನ್ನೂರಿನ ಹೆಂಗಸರೂ ಇದೇ ನೋವು ಹೊತ್ತು ಬೀದಿಗೆ ಬಂದರು. ಅದು ಸರ್ಕಾರಿ ಆಸ್ಪತ್ರೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಸ್ತ್ರೀರೋಗ ಶಾಸ್ತ್ರದ ಪಿತಾಮಹ ಅನ್ನಿಸಿಕೊಂಡ ಅಮೆರಿಕದ ಮೇರಿಯನ್ ಸಿಮ್ಸ್, 1840ರ ದಶಕದಲ್ಲಿ ಅನಾರ್ಕಾ, ಲೂಸಿ, ಬೆಟ್ಸಿ ಮುಂತಾದ ಕಪ್ಪು ಗುಲಾಮ ಹೆಂಗಸರ ಮೇಲೆ ಅರಿವಳಿಕೆ ಕೊಡದೆ ಶಸ್ತ್ರಕ್ರಿಯೆ ಪ್ರಯೋಗ ಮಾಡಿದ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಅವನ ಪ್ರತಿಮೆ ಇಳಿದದ್ದು 2018ರಲ್ಲಿ. ಕೇಳೋರಿಲ್ಲದ ಮೈಮೇಲೆ ಕತ್ತರಿ ಬೇಗ ಬೀಳುತ್ತೆ.

ಹಾಗಂತ ಪರೀಕ್ಷೆಗೆ ಹೆದರಬೇಡಿ. ನಮ್ಮವರಿಗೆ ಸಿಗದೇ ಹೋದದ್ದು ಆ ಪರೀಕ್ಷೆಯೇ. ಸ್ಕ್ಯಾನಿಂಗ್ ಗರ್ಭಕೋಶದ ಒಳಪದರ ದಪ್ಪ ಆಗಿದೆ ಅಂತ ಹೇಳಬಹುದು. ಅದು ಕ್ಯಾನ್ಸರ್ರೋ ಅಲ್ಲವೋ ಅಂತ ಖಚಿತ ಆಗೋದು ಆ ಪದರದ ಚೂರನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಅದೇ ಎಂಡೊಮೆಟ್ರಿಯಲ್ ಬಯಾಪ್ಸಿ. ಹಿಂದೆ ಇದಕ್ಕೆ ಪ್ರಜ್ಞೆ ತಪ್ಪಿಸಿ ಕೆರೆಯಬೇಕಿತ್ತು, "ಡಿ ಅಂಡ್ ಸಿ" ಅಂತಾರಲ್ಲ ಅದು. 1980ರ ದಶಕದಲ್ಲಿ ಫ್ರಾನ್ಸಿನಲ್ಲಿ ಪೈಪೆಲ್ ಅನ್ನೋ ತೆಳು ಪ್ಲಾಸ್ಟಿಕ್ ನಳಿಕೆ ಬಂತು, ಸುಮಾರು 3 ಮಿಲಿಮೀಟರ್ ದಪ್ಪ. ಈಗ ಹೆಚ್ಚಿನವರಿಗೆ ಹೊರರೋಗಿ ವಿಭಾಗದಲ್ಲೇ ಕೆಲವೇ ನಿಮಿಷದಲ್ಲಿ ಮುಗಿಯುತ್ತೆ.

ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಹೋದರೂ ಡಾಕ್ಟರಿಗೆ ತೋರಿಸಿ. 45 ದಾಟಿದವರಿಗೆ ಮುಟ್ಟು ಏರುಪೇರಾದರೆ ಈ ಪರೀಕ್ಷೆ ಬೇಕಾಗಬಹುದು. ಅದಕ್ಕಿಂತ ಚಿಕ್ಕವರಲ್ಲೂ ದಪ್ಪ ಮೈ, ತಿಂಗಳುಗಟ್ಟಲೆ ಮುಟ್ಟು ತಪ್ಪೋದು, ಔಷಧಿಗೆ ಬಗ್ಗದ ರಕ್ತಸ್ರಾವ ಇದ್ದರೆ ಬೇಕಾಗಬಹುದು.

ಹೋಗೋ ಮುಂಚೆ ಬಸುರಿ ಇರಬಹುದಾ ಅಂತ ಖಚಿತ ಮಾಡ್ಕೊಳ್ಳಿ, ಬಸುರಿಯರಿಗೆ ಇದನ್ನ ಮಾಡೋ ಹಾಗಿಲ್ಲ. ರಕ್ತ ತೆಳು ಮಾಡೋ ಮಾತ್ರೆ, ಅಲರ್ಜಿ, ಸೋಂಕು ಇದ್ದರೆ ಹೇಳಿ. ಮುಟ್ಟಿನ ಸೆಳೆತದಂಥ ನೋವು ಬರುತ್ತೆ, ಕೆಲವರಿಗೆ ಜೋರಾಗೇ ಬರುತ್ತೆ. ಮುಂಚೆಯೇ ನೋವಿನ ಮಾತ್ರೆ ಕೇಳಿ. "ನಿಮ್ಮವರು ಗಟ್ಟಿ, ತಡ್ಕೊಳ್ತೀರಿ" ಅಂದರೆ ಒಪ್ಪಬೇಡಿ. ತಡೆಯೋಕಾಗದಿದ್ದರೆ ನಿಲ್ಲಿಸಿ ಅನ್ನೋ ಹಕ್ಕು ನಿಮಗಿದೆ. ಆಮೇಲೆ ಒಂದೆರಡು ದಿನ ಸ್ವಲ್ಪ ರಕ್ತ ಸಹಜ. ಜ್ವರ, ಕೆಟ್ಟ ವಾಸನೆ, ಗಂಟೆಗೊಂದು ಪ್ಯಾಡ್ ತೊಯ್ಯೋ ಸ್ರಾವ, ಹೆಚ್ಚುತ್ತಲೇ ಹೋಗೋ ನೋವು ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಗರ್ಭಕೋಶಕ್ಕೆ ತೂತು ಬೀಳೋದು ತೀರಾ ಅಪರೂಪ. ಕೆಲವೊಮ್ಮೆ ಚೂರು ಸಾಲದೆ ಮತ್ತೆ ಮಾಡಬೇಕಾಗುತ್ತೆ.

ನಾನು ಆಫೀಸಿನಲ್ಲಿ ಫೈಲು ನೋಡೋ ಗುಮಾಸ್ತೆ. ಕಾಗದ ಇಲ್ಲದೆ ಹತ್ತು ರೂಪಾಯಿ ಬಿಲ್ಲು ಪಾಸಾಗಲ್ಲ. ವರದಿ ಇಲ್ಲದೆ ಗರ್ಭಕೋಶ ಹೇಗೆ ಪಾಸಾಗುತ್ತೆ? ಪೆಥಾಲಜಿ ವರದಿಯ ಪ್ರತಿ ಕೇಳಿ ಇಸ್ಕೊಳ್ಳಿ, ಜೋಪಾನ ಮಾಡಿ. ಅದರಲ್ಲಿ "ಹೈಪರ್‌ಪ್ಲೇಸಿಯಾ" ಅಂತ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. "ಏಟಿಪಿಯಾ ಇಲ್ಲ" ಅಂತಿದ್ದರೆ ಹೆಚ್ಚಿನವರಿಗೆ ಹಾರ್ಮೋನ್ ಚಿಕಿತ್ಸೆ ಸಾಕು. "ಏಟಿಪಿಯಾ" ಇದೆ ಅಂತಲೋ ಕ್ಯಾನ್ಸರ್ ಅಂತಲೋ ಬಂದರೆ ಆಪರೇಷನ್ ಜೀವ ಉಳಿಸುತ್ತೆ, ಆಗ ತಡ ಮಾಡಬೇಡಿ.

ಇನ್ನೊಂದು ಮಾತು. ಪರೀಕ್ಷೆಗೆ ಕೊಟ್ಟ ಸಹಿ ಆಪರೇಷನ್ನಿಗೆ ಸಹಿ ಅಲ್ಲ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಪರೀಕ್ಷೆಗೆ ಮಲಗಿದ್ದ ಹೆಂಗಸಿನ ಗರ್ಭಕೋಶವನ್ನ ಅವಳ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು, ಕೋರ್ಟ್ ಒಪ್ಪಲಿಲ್ಲ. ಪ್ರಜ್ಞೆಯಲ್ಲಿರೋ ಹೆಂಗಸಿನ ಬದಲು ಗಂಡ, ಅಣ್ಣ, ಅತ್ತೆ ಯಾರೂ ಸಹಿ ಹಾಕೋ ಹಾಗಿಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನ ತಡೆಯೋಕೆ ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನ ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕು ಅಂತ 2023ರ ಏಪ್ರಿಲ್‌ನಲ್ಲಿ ಅದೇ ಕೋರ್ಟ್ ಹೇಳಿದೆ.

ಸಂಘದ ಗೆಳೆಯರೇ, ಮುಂದಿನ ಸಭೆಯಲ್ಲಿ ಇದನ್ನ ಓದಿ ಹೇಳಿ. ಓದು ಬಾರದ ಅವ್ವಂದಿರ ಜೊತೆ ಆಸ್ಪತ್ರೆಗೆ ಒಬ್ಬರು ಹೋಗಿ, ಫಾರಂನಲ್ಲಿ ಏನಿದೆ ಅಂತ ಕನ್ನಡದಲ್ಲಿ ಓದಿಸಿದ ಮೇಲೇ ಹೆಬ್ಬೆಟ್ಟು ಒತ್ತಿಸಿ.

ಜೈ ಭೀಮ್.