ಕೇಳಿಸಿಕೊಂಡ ಮಾತು, ಕೊಟ್ಟ ಮಾತು

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಧ್ವನಿಮುದ್ರಣ ಯಂತ್ರ ಬಂದ ಮೇಲೆ ಆಡಿದ ಮಾತು ಹೋಗುವುದಿಲ್ಲ, ಉಳಿಯುತ್ತದೆ. ಹೀಗೆ ಜನರನ್ನು ಮಾತಾಡಿಸಿ, ಅವರ ನೆನಪುಗಳಿಂದ ಕಟ್ಟುವ ಚರಿತ್ರೆಯನ್ನು ಮೌಖಿಕ ಇತಿಹಾಸ ಎನ್ನುತ್ತಾರೆ. ಸರ್ಕಾರಿ ಕಡತಗಳಲ್ಲಿ ಹೆಸರಿಲ್ಲದ ಕೂಲಿಯವರು, ಗೃಹಿಣಿಯರು, ವಲಸೆ ಬಂದವರು ಚರಿತ್ರೆಯೊಳಗೆ ಬರುವುದು ಈ ಬಾಗಿಲಿನಿಂದ. ಆ ಬಾಗಿಲು ತೆರೆಯುವವರ ಹೊಣೆ ಎಷ್ಟು ದೊಡ್ಡದೆಂಬುದನ್ನು ಉತ್ತರ ಐರ್ಲೆಂಡಿನ ಒಂದು ಪ್ರಸಂಗ ತೋರಿಸಿಕೊಡುತ್ತದೆ.

ಅಲ್ಲಿ 1960ರ ದಶಕದ ಕೊನೆಯಿಂದ ಸುಮಾರು 30 ವರ್ಷ ನಡೆದ ಹಿಂಸಾಚಾರದಲ್ಲಿ ಸುಮಾರು 3,500 ಜನ ಸತ್ತರು. ಐರ್ಲೆಂಡ್ ಒಂದಾಗಬೇಕೆಂದವರಲ್ಲಿ ಹೆಚ್ಚಿನವರು ಕಥೋಲಿಕರು. ಬ್ರಿಟನ್ನಿನೊಡನೆಯೇ ಇರಬೇಕೆಂದವರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. 1998ರ ಶುಭ ಶುಕ್ರವಾರದಂದು ಶಾಂತಿ ಒಪ್ಪಂದವಾಯಿತು. ಬಂದೂಕು ಹಿಡಿದಿದ್ದವರು ಸಾಯುವ ಮೊದಲು ಅವರ ನೆನಪುಗಳನ್ನು ದಾಖಲಿಸಬೇಕೆಂದು 2001ರಲ್ಲಿ ಅಮೆರಿಕದ ಬಾಸ್ಟನ್ ಕಾಲೇಜು ಒಂದು ಯೋಜನೆ ಆರಂಭಿಸಿತು. ಇದು ಯೇಸುಸಭೆಯವರು 1863ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯ. ಪತ್ರಕರ್ತ ಎಡ್ ಮೊಲೋನಿ ನಿರ್ದೇಶಕರಾಗಿದ್ದರು. ಐ.ಆರ್.ಎ. ಎಂಬ ಸಶಸ್ತ್ರ ಸಂಘಟನೆಯವರನ್ನು ಮಾತಾಡಿಸಿದ ಆಂಟನಿ ಮೆಕಿಂಟೈರ್, ತಾವೇ ಆ ಸಂಘಟನೆಯಲ್ಲಿದ್ದು ಸೆರೆಮನೆ ಕಂಡವರು. 2006ರ ವರೆಗೆ ಎರಡೂ ಕಡೆಯ ನಲವತ್ತಕ್ಕೂ ಹೆಚ್ಚು ಮಂದಿ ಮಾತಾಡಿದರು.

ಅವರು ಮನಸ್ಸು ಬಿಚ್ಚಿದ್ದು ಒಂದು ಭರವಸೆಯ ಮೇಲೆ: ‘ನೀವು ಬದುಕಿರುವವರೆಗೆ ಇದು ಹೊರಗೆ ಹೋಗುವುದಿಲ್ಲ.’ ಆದರೆ ವಿಶ್ವವಿದ್ಯಾಲಯ ನಿರ್ದೇಶಕರೊಡನೆ ಮಾಡಿಕೊಂಡ ಕರಾರಿನಲ್ಲಿ, ಅಮೆರಿಕದ ಕಾನೂನು ಎಷ್ಟರ ಮಟ್ಟಿಗೆ ಬಿಡುತ್ತದೋ ಅಷ್ಟು ಮಾತ್ರ ಎಂಬ ಮಿತಿ ಇತ್ತು. ಮಾತಾಡಿದವರು ಸಹಿ ಹಾಕಿದ ಕಾಗದದಲ್ಲಿ ಆ ಮಿತಿಯ ಸುಳಿವೇ ಇರಲಿಲ್ಲ.

ಇನ್ನೊಂದು ಕಡೆ ಒಂದು ಮನೆಯ ಕಣ್ಣೀರಿತ್ತು. 1972ರ ಡಿಸೆಂಬರಿನಲ್ಲಿ ಜೀನ್ ಮೆಕಾನ್ವಿಲ್ ಎಂಬ ವಿಧವೆಯನ್ನು ಬೆಲ್‌ಫಾಸ್ಟಿನ ಅವರ ಮನೆಯಿಂದಲೇ ಎಳೆದೊಯ್ದು ಕೊಂದರು. ಮದುವೆಯ ಹೊತ್ತಿಗೆ ಕಥೋಲಿಕರಾಗಿದ್ದ ಅವರು 10 ಮಕ್ಕಳ ತಾಯಿ. ತಾನೇ ಕೊಂದದ್ದೆಂದು ಐ.ಆರ್.ಎ. ಒಪ್ಪಿಕೊಂಡದ್ದು 1999ರಲ್ಲಿ; ದೇಹದ ಅವಶೇಷ ಸಮುದ್ರತೀರದಲ್ಲಿ ಸಿಕ್ಕಿದ್ದು 2003ರಲ್ಲಿ. 2010ರಲ್ಲಿ, ಅಷ್ಟರೊಳಗೆ ತೀರಿಕೊಂಡಿದ್ದ ಬ್ರೆಂಡನ್ ಹ್ಯೂಸ್ ಅವರ ಸಂದರ್ಶನ ಪುಸ್ತಕವಾಗಿ ಬಂತು. ಅದರಲ್ಲಿ ಈ ಕೊಲೆಯ ಮಾತೂ ಇತ್ತು. 2011ರಲ್ಲಿ ಪೊಲೀಸರ ಕೋರಿಕೆ ಅಮೆರಿಕದ ನ್ಯಾಯಾಲಯಕ್ಕೆ ಹೋಯಿತು. ಎರಡು ವರ್ಷದ ವಾದವಿವಾದದ ನಂತರ, 2013ರಲ್ಲಿ, 11 ಸಂದರ್ಶನಗಳನ್ನು ಒಪ್ಪಿಸಬೇಕೆಂದು ಮೇಲ್ಮನವಿ ನ್ಯಾಯಾಲಯ ಹೇಳಿತು. 2014ರಲ್ಲಿ ರಾಜಕೀಯ ನಾಯಕ ಗೆರಿ ಆಡಮ್ಸ್ ಅವರನ್ನು ನಾಲ್ಕು ದಿನ ವಿಚಾರಿಸಿ, ಆರೋಪ ಹೊರಿಸದೆ ಬಿಟ್ಟರು. ಈ ಕೊಲೆಯಲ್ಲಿ ತಮ್ಮ ಪಾತ್ರವಿಲ್ಲವೆಂದು ಅವರು ಹೇಳುತ್ತಲೇ ಬಂದಿದ್ದಾರೆ. ಇನ್ನೊಬ್ಬ ವೃದ್ಧರ ಮೇಲಿನ ಮೊಕದ್ದಮೆ 2019ರಲ್ಲಿ ಬಿದ್ದುಹೋಯಿತು. ಸುಳ್ಳು ಭರವಸೆ ಕೊಟ್ಟು, ಬೇಕಾದ ಉತ್ತರದ ಕಡೆಗೆ ನಡೆಸುವ ಪ್ರಶ್ನೆ ಕೇಳಿ ಪಡೆದ ಮಾತನ್ನು ನಂಬಲಾಗದೆಂದು ನ್ಯಾಯಾಧೀಶರು ಧ್ವನಿಮುದ್ರಣವನ್ನೇ ತಳ್ಳಿಹಾಕಿದರು.

ಗೆದ್ದವರು ಯಾರು? ನಂಬಿ ಮಾತಾಡಿದವರಿಗೆ ಮೋಸವಾಯಿತು. ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ನ್ಯಾಯ ಸಿಗಲಿಲ್ಲ. ‘ಗುಟ್ಟು ಕಾಯಬೇಕಿತ್ತು’ ಎಂದಷ್ಟೇ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಆ ಹತ್ತು ಮಕ್ಕಳಿಗೂ ಸತ್ಯ ತಿಳಿಯುವ ಹಕ್ಕಿತ್ತು. ಚರಿತ್ರೆಗೂ ನಷ್ಟವೇ: 2014ರಲ್ಲಿ, ಕೇಳಿದವರಿಗೆ ಅವರವರ ಧ್ವನಿಮುದ್ರಣ ಹಿಂತಿರುಗಿಸುವುದಾಗಿ ವಿಶ್ವವಿದ್ಯಾಲಯ ಹೇಳಬೇಕಾಯಿತು. ತಪ್ಪು ಇದ್ದದ್ದು ಮೊದಲ ದಿನದ ಮಾತಿನಲ್ಲೇ. ಉಳಿಸಿಕೊಳ್ಳಲಾಗದ ಮಾತನ್ನು ಕೊಟ್ಟದ್ದೇ ತಪ್ಪು.

ಪಾಪನಿವೇದನೆಯ ಗುಟ್ಟನ್ನು ಗುರುಗಳು ಪ್ರಾಣ ಹೋದರೂ ಬಿಟ್ಟುಕೊಡುವಂತಿಲ್ಲ. ಸಂದರ್ಶಕನಿಗೆ ಅಂಥ ಮುದ್ರೆ ಇಲ್ಲ. ಎದುರಿಗೆ ಕುಳಿತ ಅಜ್ಜಿ ಎರಡನ್ನೂ ಒಂದೇ ಎಂದು ತಿಳಿದರೆ, ‘ಅಲ್ಲ ಅಜ್ಜಿ’ ಎಂದು ಮೊದಲೇ ಹೇಳುವುದು ಅವನ ಕೆಲಸ.

ಪ್ರಿಯ ಓದುಗರೇ, ಧರ್ಮಕೇಂದ್ರದ ಸ್ಮರಣ ಸಂಚಿಕೆಗೆಂದೋ ಮನೆತನದ ನೆನಪಿಗೆಂದೋ ನಮ್ಮ ಯುವಜನರೂ ಹಿರಿಯರನ್ನು ಮಾತಾಡಿಸುತ್ತಾರೆ. ಕೈಯಲ್ಲಿರುವ ಮೊಬೈಲೇ ಇಂದು ಧ್ವನಿಮುದ್ರಣ ಯಂತ್ರ. ಅದನ್ನು ಒತ್ತುವ ಮೊದಲು, ಏಕೆ ಕೇಳುತ್ತಿದ್ದೇವೆ, ಯಾರು ಕೇಳಿಸಿಕೊಳ್ಳುತ್ತಾರೆ, ಎಲ್ಲಿ ಇಡುತ್ತೇವೆ ಎಂದು ತಿಳಿಸಿ ಒಪ್ಪಿಗೆ ಪಡೆಯೋಣ. ಬೇಡವೆನಿಸಿದ ಪ್ರಶ್ನೆಯನ್ನು ಬಿಡಲು, ಮಾತನ್ನು ಅಲ್ಲಿಗೇ ನಿಲ್ಲಿಸಲು ಅವರಿಗೆ ಸ್ವಾತಂತ್ರ್ಯವಿರಲಿ. ‘ಆ ಜಗಳದಲ್ಲಿ ತಪ್ಪು ಅವರದ್ದೇ ಅಲ್ಲವೇ?’ ಎಂದು ಕೇಳದೆ, ‘ಆಗ ಏನಾಯಿತು?’ ಎಂದು ಕೇಳೋಣ. ಬರೆದದ್ದನ್ನು ಅಚ್ಚಿಗೆ ಮೊದಲು ಅವರಿಗೆ ಓದಿ ಹೇಳೋಣ. ಮಾತಿನ ನಡುವೆ ಬಂದ ನೆರೆಮನೆಯವರ ಹೆಸರು, ಅವರಿಗೆ ನೋವಾಗುವಂತಿದ್ದರೆ, ಅಚ್ಚಾಗುವುದು ಬೇಡ. ಅವರ ಅನುಮತಿಯಿಲ್ಲದೆ ವಾಟ್ಸಾಪಿನಲ್ಲಿ ಹಂಚುವುದಂತೂ ಬೇಡವೇ ಬೇಡ.

ಹಿರಿಯರ ನೆನಪು ನಮ್ಮ ಕೈಗೆ ಬಂದ ಮೇಲೂ ಅವರದ್ದೇ. ನಾವು ಅದನ್ನು ಕಾಯುವವರು ಮಾತ್ರ. ಕಾಯಲು ಆಗುವಷ್ಟನ್ನೇ ಮಾತು ಕೊಡೋಣ, ಕೊಟ್ಟ ಮಾತನ್ನು ಕಾಯೋಣ.